ಚಿತ್ರಕಾರ ರೆಂಬ್ರಾಂಟ್ (1606–1669) : ಜೀವನ ಹಾಗೂ ಒಂದು ಚಿತ್ರಪಟದ ಅಳತೆ

ನೆದರ್‌ಲ್ಯಾಂಡ್ಸ್ ದೇಶದ ಖ್ಯಾತ ತೈಲವರ್ಣ ಚಿತ್ರಕಾರರಾದ ರೆಂಬ್ರಾಂಟ್ ವಾನ್ ರೈನ್‌ರವರು 1606ರ ಜುಲೈ 15ರಂದು ಲೈಡನ್ ನಗರದಲ್ಲಿ ಜನಿಸಿದರು. ಇವರ ತಂದೆಯವರದು ಧಾನ್ಯ ಬೀಸುವ ಗಾಳಿಗಿರಣಿಯ ಉದ್ಯೋಗ. ಲೈಡನ್‌ನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದ ಇವರು ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪೀಟರ್ ಲಾಸ್ಟ್‌ಮನ್‌ರವರ ಬಳಿ ಸುಮಾರು ಆರು ತಿಂಗಳು ತರಬೇತಿ ಹೊಂದಿದರು. ನಂತರ ಅದೇ ನಗರದಲ್ಲಿ ನೆಲೆಸಿ ಭಾವಚಿತ್ರಗಳ ರಚನೆಯಿಂದ ಹೆಸರುವಾಸಿಯಾದರು. 1634ರಲ್ಲಿ ಸಾಸ್ಕಿಯಾರವರನ್ನು ವಿವಾಹವಾಗಿ, 1639ರಲ್ಲಿ ಸಾಲದ ಮೇಲೆ ದೊಡ್ಡ ಮನೆಯೊಂದನ್ನು ಖರೀದಿಸಿದರು.

ಅಂದಿನ ಪದ್ಧತಿಯಂತೆ ಕ್ಯಾನ್ವಾಸ್ ಬಟ್ಟೆಯನ್ನು ಅದಕ್ಕಿಂತ ದೊಡ್ಡದಾದ ಮರದ ಚೌಕಟ್ಟಿಗೆ ಸುತ್ತಲೂ ದಾರದಿಂದ ಬಿಗಿದು ಚಿತ್ರವನ್ನು ರಚಿಸಲಾಗುತ್ತಿತ್ತು. ದಾರ ಎಳೆದ ಕಡೆಗಳಲ್ಲಿ ಬಟ್ಟೆಯ ನೇಯ್ಗೆಯು ಅಲೆಯಂತೆ ಬಾಗಿ ಅಂಚಿನಲ್ಲಿ ಗುರುತು ಉಳಿಯುತ್ತದೆ. ಯಾವುದಾದರೂ ಅಂಚಿನಲ್ಲಿ ಈ ಗುರುತು ಇಲ್ಲದಿದ್ದಲ್ಲಿ ಆ ಬದಿಯನ್ನು ಕತ್ತರಿಸಿರಬಹುದೆಂದು ತಜ್ಞರು ಊಹಿಸುತ್ತಾರೆ. ಮೂಲೆಗಳಲ್ಲಿ ಬೆಣೆ ಹೊಡೆದು ಬಿಗಿಗೊಳಿಸಬಹುದಾದ ಚೌಕಟ್ಟುಗಳು ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ.

1642ರಲ್ಲಿ ರೆಂಬ್ರಾಂಟ್‌ರವರು ನಗರದ ಪಹರೆ ದಳದ ಸಭಾಭವನಕ್ಕಾಗಿ ಬೃಹತ್ ಚಿತ್ರವೊಂದನ್ನು ಪೂರ್ಣಗೊಳಿಸಿದರು. ಮೂರು ಪಟ್ಟಿ ಬಟ್ಟೆಗಳನ್ನು ಹೊಲಿದು ಜೋಡಿಸಿದ ಕ್ಯಾನ್ವಾಸ್ ಮೇಲೆ ರಚಿತವಾದ ಈ ಕೃತಿಯು 'ರಾತ್ರಿ ಪಹರೆ' ಎಂದು ಪ್ರಸಿದ್ಧವಾಗಿದೆ. ಅದೇ ವರ್ಷ ಸಾಸ್ಕಿಯಾ ನಿಧನರಾದರು. 1656ರಲ್ಲಿ ಸಾಲ ತೀರಿಸಲಾಗದೆ ರೆಂಬ್ರಾಂಟ್‌ರವರು ದಿವಾಳಿಯಾಗಿ, ಅವರ ಮನೆ ಹಾಗೂ ಸಂಗ್ರಹಗಳು ಮಾರಾಟವಾದವು. 1668ರಲ್ಲಿ ಮಗ ಟೈಟಸ್ ತೀರಿಕೊಂಡರು. 1669ರ ಅಕ್ಟೋಬರ್ 4ರಂದು ರೆಂಬ್ರಾಂಟ್‌ರವರು ನಿಧನರಾದರು. ಅವರ ಸಮಾಧಿಗೆ ಹೆಸರಿನ ಫಲಕವೂ ಇರಲಿಲ್ಲ.

ಅವರ ಕೃತಿಗೆ ಒದಗಿದ ಹಾನಿಯೂ ಸಣ್ಣದಲ್ಲ. 1715ರಲ್ಲಿ ಸದರಿ ಚಿತ್ರವನ್ನು ನಗರಸಭಾ ಭವನಕ್ಕೆ ಸ್ಥಳಾಂತರಿಸಿದಾಗ, ಎರಡು ಬಾಗಿಲುಗಳ ನಡುವಿನ ಗೋಡೆಗೆ ಅದು ಹಿಡಿಸಲಿಲ್ಲ. ಆದುದರಿಂದ ನಾಲ್ಕೂ ಬದಿಗಳನ್ನು ಕತ್ತರಿಸಲಾಯಿತು. ಎಡಬದಿಯೊಂದರಲ್ಲೇ ಸುಮಾರು 60 ಸೆಂಟಿಮೀಟರ್ ಭಾಗವು, ಅದರಲ್ಲಿದ್ದ ಇಬ್ಬರು ಪಹರೆಯವರು ಹಾಗೂ ಒಬ್ಬ ಬಾಲಕನ ಆಕೃತಿಗಳ ಸಮೇತ ಕಳೆದುಹೋಯಿತು. ಈ ತುಂಡುಗಳು ಇದುವರೆಗೆ ಪತ್ತೆಯಾಗಿಲ್ಲ. ಕತ್ತರಿಸುವ ಮುನ್ನ ಗೆರಿಟ್ ಲುಂಡೆನ್ಸ್ ಎಂಬ ಚಿತ್ರಕಾರರು ರಚಿಸಿದ್ದ ಚಿಕ್ಕ ಪ್ರತಿಯ ಆಧಾರದಿಂದ 2021ರಲ್ಲಿ ಗಣಕಯಂತ್ರದ ನೆರವಿನೊಂದಿಗೆ ಕಳೆದ ಭಾಗಗಳ ಮಾದರಿಯನ್ನು ಸಿದ್ಧಪಡಿಸಲಾಯಿತು.

ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂನಲ್ಲಿರುವ ಈ ಚಿತ್ರದ ಈಗಿನ ಅಳತೆ ಸುಮಾರು 3.8 ಮೀಟರ್ ಎತ್ತರ ಹಾಗೂ 4.5 ಮೀಟರ್ ಅಗಲ. ಎಡಭಾಗದ ಮೇಲ್ಮೂಲೆಯಲ್ಲಿ ಬಟ್ಟೆ ಅಲೆಯಂತೆ ಉಬ್ಬಿದ್ದರಿಂದ, 1975ರಲ್ಲಿ ಅಳವಡಿಸಿದ್ದ ಮರದ ಚೌಕಟ್ಟನ್ನು ತೆಗೆದು 2022ರಲ್ಲಿ ಹೊಸ ಚೌಕಟ್ಟಿಗೆ ಬಿಗಿಯಲಾಯಿತು.

ಮನೆಗಳಲ್ಲಿ ಹಳೆಯ ಕ್ಯಾನ್ವಾಸ್ ಚಿತ್ರಗಳನ್ನು ಹೊಂದಿರುವ ಸಾರ್ವಜನಿಕರು ಈ ಕೆಳಗಿನ ಅಂಶಗಳನ್ನು ಗಮನಿಸುವುದು ಸೂಕ್ತ:

1. ಚೌಕಟ್ಟನ್ನು ಚಿತ್ರದ ಅಳತೆಗೆ ಮಾಡಿಸಬೇಕೇ ಹೊರತು, ಚೌಕಟ್ಟಿನ ಅಥವಾ ಗೋಡೆಯ ಅಳತೆಗೆ ಚಿತ್ರವನ್ನು ಕತ್ತರಿಸಬಾರದು.
2. ಹಿಂದಕ್ಕೆ ಮಡಚಿರುವ ಅಂಚೂ ಚಿತ್ರದ ಭಾಗವೇ ಆಗಿರುತ್ತದೆ. ಅದನ್ನೂ ಉಳಿಸಿಕೊಳ್ಳತಕ್ಕದ್ದು.
3. ಹೊಸ ಕ್ಯಾನ್ವಾಸ್‌ಗೆ ಚೌಕಟ್ಟು ಮಾಡಿಸುವಾಗ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮನಾಗಿಲ್ಲದಿದ್ದಲ್ಲಿ ಚೌಕಟ್ಟು ಸೊಟ್ಟಗಿದೆ ಎಂದು ತಿಳಿಯಬೇಕು.
4. ಹಳೆಯ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚುವ ಕೆಲಸವನ್ನು ಸಂರಕ್ಷಣಾ ತಜ್ಞರಿಂದಲೇ ಮಾಡಿಸತಕ್ಕದ್ದು.