ಹುಲ್ಲು, ಹಲ್ಲು ಮತ್ತು ಒಂದು ಫೇಲು

ಕಳೆದ ಸೆಮಿಸ್ಟರಿನಲ್ಲಿ ನನ್ನ ಗಣಿತ ಬ್ಯಾಕ್ ಉಳಿಯಿತು. ಮನೆಯಲ್ಲಿ ಹೇಳಿರಲಿಲ್ಲ. ಮತ್ತೆ ಪರೀಕ್ಷೆಗೆ ಪಾರ್ಷಿಯಲ್ ಡಿಫರೆನ್ಷಿಯಲ್ ಈಕ್ವೇಶನ್ ಓದುವಾಗ ಸೋಫಿಯಾ ಕೊವಲೆವ್‌ಸ್ಕಯಾ ಎಂಬ ಗಣಿತಜ್ಞೆಯ ಹೆಸರು ಸಿಕ್ಕಿತು. ಆಕೆಯ ಬಗ್ಗೆ ಹುಡುಕಲು ಹೋದವನು ಆಕೆಯ ಗಂಡ ವ್ಲಾದಿಮಿರ್ ಕೊವಲೆವ್‌ಸ್ಕಿಯ ಬದುಕನ್ನು ಓದುತ್ತ ಕೂತೆ.

1842ರಲ್ಲಿ ರಷ್ಯಾದಲ್ಲಿ ಹುಟ್ಟಿದ ವ್ಲಾದಿಮಿರ್ ಓದಿದ್ದು ಕಾನೂನು, ಮಾಡಿದ್ದು ಪುಸ್ತಕ ಪ್ರಕಾಶನ. ಡಾರ್ವಿನ್‌ನನ್ನು ರಷ್ಯನ್ ಓದುಗರಿಗೆ ತಲುಪಿಸಿದವರಲ್ಲಿ ಆತನೂ ಒಬ್ಬ. ಆಗ ಅಲ್ಲಿನ ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಸೋಫಿಯಾ ವಿದೇಶಕ್ಕೆ ಹೋಗಿ ಓದಲಿ ಎಂದು 1868ರಲ್ಲಿ ಇಬ್ಬರೂ ಹೆಸರಿಗೆ ಮದುವೆಯಾದರು. ಆಕೆ ಗಣಿತ ಹಿಡಿದರೆ, ಈತ ಪಳೆಯುಳಿಕೆಗಳ ಬೆನ್ನು ಹತ್ತಿದ.

ಯುರೋಪಿನ ಮ್ಯೂಸಿಯಂಗಳಲ್ಲಿ ಕುದುರೆಯ ಹಳೆಯ ಬಂಧುಗಳ ಹಲ್ಲು, ಕಾಲೆಲುಬುಗಳನ್ನು ನೋಡಿ, ಇವು ಯಾವ ಕೆಲಸಕ್ಕೆ ಹೀಗಿವೆ ಎಂದು ಕೇಳಿಕೊಂಡ. ಆಂಕಿಥೀರಿಯಂ ಎಂಬ ಪ್ರಾಣಿಯ ದವಡೆಹಲ್ಲು ಗಿಡ್ಡ. ಮೆತ್ತನೆಯ ಎಲೆಗೆ ಅಷ್ಟು ಸಾಕು. ಈಗಿನ ಕುದುರೆಯ ಹಲ್ಲು ದವಡೆಯೊಳಗೆ ಉದ್ದಕ್ಕೆ ಹುದುಗಿರುತ್ತದೆ. ತುದಿ ಸವೆದಂತೆಲ್ಲ ನಿಧಾನವಾಗಿ ಹೊರಬರುತ್ತದೆ. ಹುಲ್ಲಿನಲ್ಲಿರುವ ಸಿಲಿಕಾ, ಅದಕ್ಕೆ ಅಂಟಿದ ಮಣ್ಣು ಹಲ್ಲನ್ನು ಉಪ್ಪುಕಾಗದದಂತೆ ಉಜ್ಜುತ್ತವೆ. ಗಟ್ಟಿ ಎನಾಮೆಲ್ ನಿಧಾನವಾಗಿ, ಮೆದು ಡೆಂಟಿನ್ ಬೇಗ ಸವೆಯುವುದರಿಂದ ಏಣುಗಳು ಉಳಿಯುತ್ತವೆ. ಬೀಸುಕಲ್ಲಿಗೆ ಆಗಾಗ ಉಳಿಪೆಟ್ಟು ಬೇಕು. ಈ ಹಲ್ಲು ಸವೆಯುತ್ತಲೇ ಹರಿತವಾಗುತ್ತದೆ. ಕುದುರೆಗಳು ಎಲೆ ಬಿಟ್ಟು ಬಯಲಿನ ಹುಲ್ಲು ಮೇಯತೊಡಗಿದ್ದೇ ಹಲ್ಲು ಎತ್ತರವಾಗಲು ಕಾರಣವೆಂದು ಆತ ವಿವರಿಸಿದ. ಆತ ಜೋಡಿಸಿದ ವಂಶಾವಳಿ ಮುಂದೆ ಬದಲಾಯಿತು. ಕುದುರೆಯ ಮುಖ್ಯ ಕವಲು ಬೆಳೆದದ್ದು ಉತ್ತರ ಅಮೆರಿಕದಲ್ಲಿ. ಆದರೆ ಹಲ್ಲಿಗೂ ಹುಲ್ಲಿಗೂ ಆತ ಕಂಡ ನಂಟು ಉಳಿಯಿತು.

1872ರಲ್ಲಿ ಜರ್ಮನಿಯ ಯೇನಾದಲ್ಲಿ ಡಾಕ್ಟರೇಟ್ ಸಿಕ್ಕಿತು. ರಷ್ಯಾದಲ್ಲಿ ಪಾಠ ಹೇಳಲು ಅಲ್ಲಿನದೇ ಪದವಿ ಬೇಕಿತ್ತು. ಒಡೆಸ್ಸಾದ ಪರೀಕ್ಷೆಯಲ್ಲಿ ಆತ ಫೇಲಾದ! ಆತನ ಸಂಶೋಧನೆ ಯುರೋಪಿನ ಪತ್ರಿಕೆಗಳಲ್ಲಿ ಅಚ್ಚಾಗುತ್ತಿದ್ದ ಕಾಲವದು. 1875ರಲ್ಲಿ ಪೀಟರ್ಸ್‌ಬರ್ಗಿನಲ್ಲಿ ಪಾಸಾದ. ಆದರೆ ಮನೆ ಕಟ್ಟುವ ವ್ಯವಹಾರಕ್ಕೆ ಇಳಿದ, ಸಾಲ ಬೆಳೆಯಿತು. ಮಾಸ್ಕೋ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕರೂ ಒಂದು ತೈಲ ಕಂಪನಿಯ ವ್ಯವಹಾರ ಆತನನ್ನು ಮುಳುಗಿಸಿತು. 1883ರಲ್ಲಿ, 40ರ ವಯಸ್ಸಿನಲ್ಲಿ, ತನ್ನ ಬದುಕನ್ನು ತಾನೇ ಮುಗಿಸಿಕೊಂಡ. ಸೋಫಿಯಾ ಆಗ ದೂರದ ಪ್ಯಾರಿಸಿನಲ್ಲಿದ್ದಳು.

ಫೇಲಾದದ್ದು ಆತನ ಕೆಲಸವನ್ನು ಅಳಿಸಲಿಲ್ಲ. ನೂರೈವತ್ತು ವರ್ಷಗಳ ನಂತರವೂ ನಾನು ಅದನ್ನೇ ಓದುತ್ತಿದ್ದೇನೆ. ಮತ್ತೆ ಮತ್ತೆ ನೆನಪಾಗುವುದು ಆ ಕೊನೆಯ ದಿನಗಳು, ಹತ್ತಿರದವರಿಲ್ಲದ ಹೊತ್ತು. ಆ ರಾತ್ರಿ ಪುಸ್ತಕ ಮುಚ್ಚಿ ಅಪ್ಪನಿಗೆ ಫೋನ್ ಮಾಡಿದೆ. ಗಣಿತ ಬ್ಯಾಕ್ ಉಳಿದಿದೆ ಎಂದು ಹೇಳಿದೆ.