ಕ್ಯಾಮರಾದ ಹಿಂದೆ ನಿಂತವರು: ಜಿ. ಡಿ. ನಾಯ್ಡು

ಹಳೆಯ ಛಾಯಾಚಿತ್ರವೊಂದು ಕೈಗೆ ಬಂದರೆ ನಾವು ಮೊದಲು ಹುಡುಕುವುದು ದೊಡ್ಡವರ ಮುಖಗಳನ್ನು. ಇವರು ಗಾಂಧೀಜಿ, ಇವರು ನೆಹರೂ ಎಂದು ಬೆರಳಿಟ್ಟು ತೋರಿಸುತ್ತೇವೆ. ಅವರ ಪಕ್ಕದಲ್ಲಿ ನಿಂತವರು ಯಾರೆಂದು ಆಮೇಲೆ ಕೇಳುತ್ತೇವೆ. ಚಿತ್ರ ತೆಗೆದವರು ಯಾರೆಂದು ಕೇಳುವವರು ಅಪರೂಪ. ಕೊಯಮತ್ತೂರಿನ ಜಿ. ಡಿ. ನಾಯ್ಡು ಅವರನ್ನು ಅರಿಯಬೇಕಾದರೆ ಈ ಕಡೆಯ ಪ್ರಶ್ನೆಯನ್ನೂ ಕೇಳಬೇಕಾಗುತ್ತದೆ.

ಗೋಪಾಲಸ್ವಾಮಿ ದೊರೈಸ್ವಾಮಿ ನಾಯ್ಡು ಅವರು 1893ನೇ ಇಸವಿ ಮಾರ್ಚ್ 23ರಂದು ಕಲಂಗಲ್ ಎಂಬ ಹಳ್ಳಿಯ ರೈತ ಕುಟುಂಬದಲ್ಲಿ ಜನಿಸಿದರು. ಈ ಹಳ್ಳಿ ನಮ್ಮ ಕರುಮತ್ತಂಪಟ್ಟಿಗೆ ದೂರವೇನಲ್ಲ. ಬಾಲಕನಿಗೆ ಶಾಲೆ ಹಿಡಿಸಲಿಲ್ಲ. ಆದರೆ ಯಂತ್ರವೆಂದರೆ ಪ್ರಾಣ. ಮೋಟಾರು ಸೈಕಲ್ ಒಂದನ್ನು ಕೊಳ್ಳುವ ಹಂಬಲದಿಂದ ಕೊಯಮತ್ತೂರಿನ ಹೋಟೆಲಿನಲ್ಲಿ ಮಾಣಿಯಾಗಿ ದುಡಿದು ಕಾಸು ಕೂಡಿಸಿದರು. ಕೊಂಡ ಮೇಲೆ ಅದನ್ನು ಬಿಚ್ಚಿ, ಮತ್ತೆ ಜೋಡಿಸಿ, ಅದರ ಒಳಮರ್ಮವನ್ನು ತಾವೇ ಕಲಿತರು. 1920ರಲ್ಲಿ ಒಂದು ಬಸ್ಸನ್ನು ಕೊಂಡು ಪೊಳ್ಳಾಚಿ ಮತ್ತು ಪಳನಿಗಳ ನಡುವೆ ಸ್ವತಃ ಓಡಿಸಿದರು. ಆ ಒಂದು ಬಸ್ಸು ಕೆಲವೇ ವರ್ಷಗಳಲ್ಲಿ ಯು. ಎಂ. ಎಸ್. ಎಂಬ ದೊಡ್ಡ ಸಾರಿಗೆ ಸಂಸ್ಥೆಯಾಗಿ ಬೆಳೆಯಿತು. 1937ರಲ್ಲಿ ಡಿ. ಬಾಲಸುಂದರಂ ನಾಯ್ಡು ಅವರೊಡನೆ ಸೇರಿ ಪೀಳಮೇಡಿನಲ್ಲಿ ವಿದ್ಯುತ್ ಮೋಟಾರನ್ನು ತಯಾರಿಸಿದರು.

ಇಂತಹವರಿಗೆ ಕ್ಯಾಮರಾದ ಮೇಲೆ ಒಲವು ಹುಟ್ಟಿದ್ದು ಸಹಜವೇ. ಗಾಂಧೀಜಿ, ಜವಾಹರಲಾಲ್ ನೆಹರೂ, ಸುಭಾಷ್‌ಚಂದ್ರ ಬೋಸ್ ಮೊದಲಾದ ನಾಯಕರ ಚಿತ್ರಗಳನ್ನು ಅವರು ಸ್ವತಃ ತೆಗೆದರು. 1936ರ ಜನವರಿಯಲ್ಲಿ ಲಂಡನ್ನಿನಲ್ಲಿ ಐದನೆಯ ಜಾರ್ಜ್ ದೊರೆಯ ಅಂತ್ಯಯಾತ್ರೆ ನಡೆದಾಗ ಅದನ್ನೂ ಚಲನಚಿತ್ರವಾಗಿ ಸೆರೆಹಿಡಿದರು. ಕ್ಯಾಮರಾದ ದೂರವನ್ನು ಸರಿಹೊಂದಿಸುವ ಸಾಧನವೊಂದನ್ನೂ ರೂಪಿಸಿದರು. ಬಳಸುವ ವಸ್ತುವನ್ನು ಬಿಚ್ಚಿ ನೋಡದೆ ಬಿಡುವ ಸ್ವಭಾವ ಅವರದಲ್ಲ.

ದೊಡ್ಡವರನ್ನು ಅಷ್ಟು ಹತ್ತಿರದಿಂದ ಕಂಡವರಿಗೆ ಬಾಳಿನಲ್ಲಿ ಎಲ್ಲವೂ ಸುಲಭವಾಗಿರಬೇಕೆಂದು ನಾವು ಎಣಿಸಬಹುದು. ಹಾಗಾಗಲಿಲ್ಲ. 1930ರ ದಶಕದ ಪ್ರಾಂತೀಯ ಚುನಾವಣೆಯಲ್ಲಿ ಸ್ಪರ್ಧಿಸಿ ಸೋತರು. 1945ರಲ್ಲಿ ಕೊಯಮತ್ತೂರಿನಲ್ಲಿ ಆರ್ಥರ್ ಹೋಪ್ ಅವರ ಹೆಸರಿನ ತಾಂತ್ರಿಕ ಕಾಲೇಜನ್ನು ತೆರೆದು ತಾವೇ ಪ್ರಾಂಶುಪಾಲರಾದರು. ನಾಲ್ಕು ವರ್ಷದ ಪಾಠವನ್ನು ಎರಡೇ ವರ್ಷದಲ್ಲಿ ಕಲಿಸಬಹುದೆಂಬ ಅವರ ವಾದವನ್ನು ಬ್ರಿಟಿಷ್ ಸರಕಾರ ಒಪ್ಪದಿರಲು ಆ ಹುದ್ದೆಯನ್ನೇ ಬಿಟ್ಟರು. 1952ರಲ್ಲಿ ಎರಡು ಸಾವಿರ ರೂಪಾಯಿ ಬೆಲೆಯ, ಇಬ್ಬರು ಕೂರುವ ಕಾರನ್ನು ನಿರ್ಮಿಸಿದರು. ಆಗ ದೇಶದ ಪ್ರಧಾನಿ ನೆಹರೂ ಅವರೇ. ಆದರೂ ಕಾರಿಗೆ ಪರವಾನಗಿ ದೊರೆಯಲಿಲ್ಲ, ತಯಾರಿಕೆ ನಿಂತುಹೋಯಿತು.

ನಾಯ್ಡು ಅವರು ಮಾತ್ರ ನಿಲ್ಲಲಿಲ್ಲ. ಹೊಲದಲ್ಲಿ ಹತ್ತಿಯನ್ನೂ ಪರಂಗಿಯನ್ನೂ ಹೊಸ ಬಗೆಯಲ್ಲಿ ಬೆಳೆದರು. ಆ ಬೇಸಾಯವನ್ನು ನಮ್ಮ ಕನ್ನಡ ನಾಡಿನ ಸರ್ ಎಂ. ವಿಶ್ವೇಶ್ವರಯ್ಯನವರೂ, ಬೆಂಗಳೂರಿನಲ್ಲಿ ನೆಲೆಸಿದ್ದ ಸರ್ ಸಿ. ವಿ. ರಾಮನ್ ಅವರೂ ನೋಡಿ ಬೆರಗಾದರು. ದೊಡ್ಡವರ ಬಳಿಗೆ ಕ್ಯಾಮರಾ ಹಿಡಿದು ಹೋಗಿದ್ದವರ ಹೊಲಕ್ಕೆ ದೊಡ್ಡವರೇ ನಡೆದು ಬಂದರು. 1974ರ ಜನವರಿ 4ರಂದು ನಾಯ್ಡು ಅವರು ತೀರಿಕೊಂಡರು.

ವಿದ್ಯಾರ್ಥಿ ಮಿತ್ರರೇ, ಗಣ್ಯರು ಬಂದಾಗ ಅವರ ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವ ಆಸೆ ನಮಗೆಲ್ಲ ಇದ್ದೇ ಇದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅಂತಹ ಚಿತ್ರದಿಂದ ಒಂದು ಪರವಾನಗಿಯೂ ಹುಟ್ಟದು, ಒಂದು ಯಂತ್ರವೂ ತಿರುಗದು ಎಂಬುದಕ್ಕೆ ಈ ಜೀವನವೇ ಸಾಕ್ಷಿ. ಕೊಯಮತ್ತೂರಿಗೆ ಹೋದಾಗ ಅವಿನಾಶಿ ರಸ್ತೆಯಲ್ಲಿರುವ ಅವರ ವಸ್ತುಸಂಗ್ರಹಾಲಯವನ್ನು ತಪ್ಪದೆ ನೋಡಿರಿ. ಗೋಡೆಯ ಮೇಲಿನ ಚಿತ್ರಗಳ ಮುಂದೆ ಒಂದು ಗಳಿಗೆ ನಿಂತರೆ, ಮೇಜಿನ ಮೇಲಿನ ಯಂತ್ರಗಳ ಮುಂದೆ ಒಂದು ಗಂಟೆ ನಿಲ್ಲಿರಿ.