ಮೊಸರಿನಲ್ಲಿ ಆಯುಸ್ಸನ್ನು ಅರಸಿದಾತ

ಎರಡು ಬಾರಿ ಸಾವನ್ನು ತಾನಾಗಿ ಕರೆದ ಮನುಷ್ಯನೇ ಮುಂದೆ ದೀರ್ಘಾಯುಷ್ಯದ ಮಾರ್ಗವನ್ನು ಅರಸಿ ಹೊರಟನೆಂಬುದು, ವಿಜ್ಞಾನದ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹುವಾಗಿ ಸೆಳೆದ ಸಂಗತಿ. ಆತನೇ ಇಲ್ಯಾ ಮೆಚ್ನಿಕಾಫ್.

ಖಾರ್ಕೋವ್ ನಗರದ ಸಮೀಪದಲ್ಲಿ 1845ರಲ್ಲಿ ಜನಿಸಿದ ಮೆಚ್ನಿಕಾಫ್ ಪ್ರಾಣಿಶಾಸ್ತ್ರಜ್ಞ. 1873ರಲ್ಲಿ ಮಡದಿ ಕ್ಷಯಕ್ಕೆ ಬಲಿಯಾದಾಗ ಪ್ರಾಣತ್ಯಾಗಕ್ಕೆ ಯತ್ನಿಸಿ ಬದುಕುಳಿದ. ಕೆಲವು ವರ್ಷಗಳ ಅನಂತರ ರೋಗಿಯ ರಕ್ತವನ್ನು ತನ್ನ ಮೈಗೇ ಚುಚ್ಚಿಕೊಂಡು, ಮರುಕಳಿಸುವ ಜ್ವರದಿಂದ ನರಳಿ ಮತ್ತೊಮ್ಮೆ ಉಳಿದ. 1882ರಲ್ಲಿ ಸಿಸಿಲಿಯ ಮೆಸ್ಸೀನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಗುಲಾಬಿಯ ಮುಳ್ಳು ಚುಚ್ಚಿ ನೋಡಿದ; ಬೆಳಗಾಗುವಷ್ಟರಲ್ಲಿ ಜೀವಕೋಶಗಳು ಮುಳ್ಳನ್ನು ಮುತ್ತಿದ್ದವು. ದೇಹದ ಕಾವಲುಗಾರ ಕೋಶಗಳು ರೋಗಾಣುಗಳನ್ನು ನುಂಗುತ್ತವೆಂಬ ಸಿದ್ಧಾಂತ ಹುಟ್ಟಿದ್ದು ಹೀಗೆ. ಅದಕ್ಕಾಗಿ 1908ರಲ್ಲಿ ಪಾಲ್ ಎರ್ಲಿಕ್‌ನೊಡನೆ ನೊಬೆಲ್ ಪಾರಿತೋಷಕ ದೊರೆಯಿತು.

1888ರಿಂದ ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಮೆಚ್ನಿಕಾಫ್‌ಗೆ ಮುಪ್ಪೇ ಮುಖ್ಯ ಚಿಂತೆಯಾಯಿತು. ದೊಡ್ಡ ಕರುಳಿನಲ್ಲಿ ಅನ್ನವನ್ನು ಕೊಳೆಸುವ ಸೂಕ್ಷ್ಮಾಣುಗಳ ವಿಷವೇ ದೇಹವನ್ನು ಸವೆಸುತ್ತದೆಂದು ಆತ ತರ್ಕಿಸಿದ. ಬಲ್ಗೇರಿಯಾದ ರೈತರ ದೀರ್ಘಾಯುಷ್ಯದ ವಾರ್ತೆ, ಅಲ್ಲಿನ ಮೊಸರಿನಲ್ಲಿ 1905ರಲ್ಲಿ ಸ್ಟಾಮೆನ್ ಗ್ರಿಗೊರೊಫ್ ಕಂಡ ದಂಡಾಣು, ಇವು ಆತನಿಗೆ ಊರೆಗೋಲಾದವು. ಹುಳಿಯಲ್ಲಿ ಕೊಳೆತ ನಿಲ್ಲುತ್ತದೆ. ಆದ್ದರಿಂದ ಹುಳಿಹಾಲು ಕುಡಿದರೆ ಮುಪ್ಪು ತಡೆಯುತ್ತದೆ ಎಂಬುದು ಆತನ ವಾದ. ತಾನೂ ನಿತ್ಯ ಕುಡಿದ. ಯುರೋಪಿನಲ್ಲಿ ಮೊಸರಿಗೆ ಗೌರವ ಬಂದಿತು. ಆದರೆ ಆತ ಹೃದ್ರೋಗದಿಂದ 1916ರಲ್ಲಿ, 71ನೆಯ ವಯಸ್ಸಿನಲ್ಲಿ ತೀರಿಕೊಂಡ.

ಸಿದ್ಧಾಂತವೂ ಸಂಪೂರ್ಣ ನಿಲ್ಲಲಿಲ್ಲ. ಬಲ್ಗೇರಿಯಾದ ದಂಡಾಣು ಕರುಳಿನಲ್ಲಿ ಸ್ಥಿರವಾಗಿ ನೆಲಸುವುದಿಲ್ಲ. ಆತ ಶತ್ರುವೆಂದೇ ಬಗೆದ ದೊಡ್ಡ ಕರುಳಿನಲ್ಲಿ, ಧಾನ್ಯ, ಬೇಳೆ, ಸೊಪ್ಪುಗಳಲ್ಲಿ ನಮಗೆ ಜೀರ್ಣವಾಗದ ನಾರನ್ನು ಸೂಕ್ಷ್ಮಾಣುಗಳು ಹುದುಗಿಸಿ ಬ್ಯೂಟಿರಿಕ್ ಮೊದಲಾದ ಆಮ್ಲಗಳನ್ನು ಮಾಡುತ್ತವೆ. ಕರುಳಿನ ಒಳಪದರಕ್ಕೆ ಅವೇ ಆಹಾರ. ನಾರಿಲ್ಲದ ಊಟ ಆ ಮಿತ್ರರನ್ನು ಉಪವಾಸ ಕೆಡವುತ್ತದೆ. 2021ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯವು ಪ್ರಕಟಿಸಿದ, 36 ಮಂದಿಯ ಸಣ್ಣ ಪರೀಕ್ಷೆಯೊಂದರಲ್ಲಿ, 10 ವಾರ ಹುದುಗಿಸಿದ ಆಹಾರವನ್ನು ಹೆಚ್ಚಾಗಿ ಸೇವಿಸಿದವರ ಕರುಳಿನಲ್ಲಿ ಸೂಕ್ಷ್ಮಾಣುಗಳ ವೈವಿಧ್ಯ ಹೆಚ್ಚಿ, ರಕ್ತದಲ್ಲಿ ಉರಿಯೂತದ ಹಲವು ಗುರುತುಗಳು ತಗ್ಗಿದವು.

ಹೀಗೆ ಮೆಚ್ನಿಕಾಫ್‌ನ ಉತ್ತರದಲ್ಲಿ ಅರ್ಧ ಬಿದ್ದುಹೋಯಿತು. ಉಣ್ಣುವಾಗ ನಾವು ಒಬ್ಬರೇ ಉಣ್ಣುವುದಿಲ್ಲವೆಂಬ ಅರ್ಧ ಉಳಿಯಿತು. ಮಜ್ಜಿಗೆಯನ್ನದಿಂದ ಊಟ ಮುಗಿಸುವ ನಾವು ಅದರಿಂದಲೇ ತೃಪ್ತರಾಗಬಾರದೆಂದು ನನ್ನ ಅಭಿಪ್ರಾಯ. ಮೊಸರಿನ ಜೊತೆಗೆ ರಾಗಿಯೂ ಕಾಳೂ ಸೊಪ್ಪೂ ಎಲೆಯ ಮೇಲಿರಬೇಕು. ಇಲ್ಲದಿದ್ದರೆ ನಮ್ಮೊಳಗಿನ ಅತಿಥಿಗಳಿಗೆ ಬಡಿಸಿದಂತಾಗುವುದಿಲ್ಲ.